ಕಲ್ಲುಹೂವಿನ ಮೂಟೆಯಲ್ಲಿ ಕಂಡ ಕೆಂಪು

ಅವನು ಸತ್ತ ಸುದ್ದಿಯನ್ನು ಅವನಿಗೇ ಯಾರಾದರೂ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನಮ್ಮ ಹಳೆಯ ಹೊಟೇಲಿನವರ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಯಾರೋ ಅವನ ಫೋಟೋ ಹಾಕಿ, ಕೆಳಗೆ ಕೈಮುಗಿದಿದ್ದರು. ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು "ಯಾರು ಕಣ್ಣಾರೆ ನೋಡಿದ್ದು?" ಎಂಬ ಮಾತು. ಅದು ನನ್ನ ಮಾತೇ ಅಲ್ಲ, ಅವನದು. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ದುಡಿದದ್ದಕ್ಕೆ ಅವನ ರೋಗ ನನಗೂ ಅಂಟಿಕೊಂಡಿದೆ. ಊರಿಗೆ ಫೋನ್ ಮಾಡಿ, ಅವನ ಹೆಂಡತಿಯ ಅಣ್ಣನನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಗ್ರೂಪಿನಲ್ಲಿ ಎರಡು ಸಾಲು ಬರೆದೆ. ನಿದ್ದೆಯಲ್ಲೇ ಹೋದನಂತೆ. ಪುಣ್ಯವಂತ.

ಕಾಂದಿವಲಿ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ ನಮ್ಮ ಹೊಟೇಲು ಇತ್ತು. ನಾನು ಗಲ್ಲೆಯಲ್ಲಿ ಕೂತು ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುವವನು, ಅವನು ಒಳಗೆ ಭಂಡಾರಿ. ಮುಂಬಯಿಯ ನಮ್ಮ ಕಡೆಯ ಹೊಟೇಲುಗಳಲ್ಲಿ ಅಡುಗೆಮನೆಯ ಯಜಮಾನನನ್ನು ಭಂಡಾರಿ ಎಂದೇ ಕರೆಯುವುದು. ಅಪ್ಪ ಅಮ್ಮ ಇಟ್ಟ ಹೆಸರು ಏನಿದ್ದರೂ ಅದು ರೇಶನ್ ಕಾರ್ಡಿಗೆ ಮಾತ್ರ. ಅವನ ಊರು ಕಾರ್ಕಳದ ಹತ್ತಿರ, ನನ್ನದು ಉಡುಪಿಯ ಪಕ್ಕ. ಪ್ರಾಯ ಹೆಚ್ಚುಕಡಿಮೆ ಒಂದೇ ಆದದ್ದರಿಂದ ನಮ್ಮೊಳಗೆ ಮಾರಾಯ ಎಂಬುದಕ್ಕಿಂತ ಮೇಲಿನ ಮರ್ಯಾದೆ ಇರಲಿಲ್ಲ.

ಅಂಥ ಇನ್ನೊಬ್ಬ ಸಂಶಯ ಪಿಶಾಚಿಯನ್ನು ನಾನು ಕಂಡಿಲ್ಲ. ಹಾಲು ಬಂದರೆ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ಅದು ಹೇಗೆ ಇಳಿಯುತ್ತದೆ ಎಂದು ನೋಡುತ್ತಿದ್ದ. ಗ್ಯಾಸ್ ಸಿಲಿಂಡರಿಗೆ ಕಿವಿಯಿಟ್ಟು ಅಲ್ಲಾಡಿಸುತ್ತಿದ್ದ. ಕೂರುವುದಾದರೆ ಗೋಡೆಗೆ ಬೆನ್ನು ಕೊಟ್ಟೇ ಕೂರಬೇಕು, ಹಿಂದಿನಿಂದ ಯಾರೂ ಬರಬಾರದು. ಲೋಕಲ್ ಹಿಡಿಯುವಾಗ ಇಂಡಿಕೇಟರಿನಲ್ಲಿ ಬೊರಿವಲಿ ಎಂದು ಬರೆದಿದ್ದರೂ ಪಕ್ಕದವನನ್ನು ಕೇಳುತ್ತಿದ್ದ, ಅವನು ಹೌದು ಎಂದರೆ "ಇವನಿಗೆ ಹೇಗೆ ಗೊತ್ತು?" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರು ಇರಲಾರರು. ವೇಟರುಗಳು ಮಾತ್ರ ಬೆನ್ನ ಹಿಂದೆ ಬೇರೆ ಗಾದೆ ಹೇಳುತ್ತಿದ್ದರು: ತಾ ಕಳ್ಳ ಪರರ ನಂಬ.

ಹೊಗಳಿಕೆಯನ್ನೂ ಅವನು ನಂಬುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ ಬಿಲ್ ಕೊಡುತ್ತಾ, ಇವತ್ತಿನ ಪಲಾವ್ ಬಹಳ ಚೆನ್ನಾಗಿತ್ತು, ಒಳಗೆ ತಿಳಿಸಿ ಎಂದರು. ನಾನು ಹೋಗಿ ತಿಳಿಸಿದೆ. ಅವನು ಒಗ್ಗರಣೆಯ ಸಟ್ಟುಗ ಕೆಳಗಿಟ್ಟು, ನಿನ್ನೆ ಚೆನ್ನಾಗಿರಲಿಲ್ಲ ಎಂದು ಹೇಳಲಿಕ್ಕೆ ಬಂದವನಾ ಅವನು ಎಂದು ಕೇಳಿದ. ಊರಿನಿಂದ ಹೆಂಡತಿ ಫೋನಿನಲ್ಲಿ ಮಳೆ ಬರುತ್ತಿದೆ ಎಂದರೆ, ಫೋನನ್ನು ಜಗಲಿಯ ಹೊರಗೆ ಹಿಡಿ, ಶಬ್ದ ಕೇಳಲಿ ಎನ್ನುತ್ತಿದ್ದ. ಆ ಹೆಂಗಸಿನ ತಾಳ್ಮೆ ದೊಡ್ಡದು, ಹಿಡಿಯುತ್ತಿದ್ದಳು.

ಇಷ್ಟೆಲ್ಲ ಇದ್ದರೂ ಅವನ ಪಲಾವಿಗೆ ನಮ್ಮ ಹೊಟೇಲಿನಲ್ಲಿ ಭಾನುವಾರ ಕ್ಯೂ ನಿಲ್ಲುತ್ತಿತ್ತು. ಅದರ ಗುಟ್ಟು ಕಲ್ಲುಹೂವು. ಇಲ್ಲಿನ ಬಜಾರಿನಲ್ಲಿ ಅದಕ್ಕೆ ದಗಡ್ ಫೂಲ್ ಎನ್ನುತ್ತಾರೆ. ನೋಡಿದರೆ ಯಾರೋ ಒಣಗಿಸಿ ಬಿಸಾಡಿದ ಕರಿಬೂದಿ ಬಣ್ಣದ ಕಸ, ಮೂಸಿದರೆ ಧೂಳಿನ ವಾಸನೆ. ಬಿಸಿ ಎಣ್ಣೆಗೆ ಬಿದ್ದಾಗ ಮಾತ್ರ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುವಂಥ ಘಮ. ಮೂಟೆ ಬಂದ ದಿನ ಭಂಡಾರಿ ಹಿಂಬದಿಯ ಅಂಗಳದಲ್ಲಿ ಬಿಳಿ ಪಂಚೆ ಹಾಸಿ, ಗೋಡೆಗೆ ಒರಗಿ ಕೂತು, ಅಷ್ಟನ್ನೂ ಕೈಯಾರೆ ಆರಿಸುತ್ತಿದ್ದ. ಕಲ್ಲು, ಕಡ್ಡಿ, ತೊಗಟೆ, ಸತ್ತ ಹುಳ ಎಲ್ಲ ಒಂದು ಬದಿಗೆ. ಆ ಕೆಲಸವನ್ನು ಇನ್ನೊಬ್ಬರಿಗೆ ಮುಟ್ಟಲಿಕ್ಕೆ ಬಿಟ್ಟವನಲ್ಲ.

ಒಂದೇ ಒಂದು ಸಲ ಬಿಡಬೇಕಾಯಿತು. ಮುಂಬಯಿಯ ನಮ್ಮ ಊರಿನವರ ಸಂಘದ ವಾರ್ಷಿಕೋತ್ಸವಕ್ಕೆ ನಮ್ಮ ಹೊಟೇಲಿನಿಂದಲೇ ಊಟ ಎಂದು ನಿಶ್ಚಯವಾಗಿತ್ತು. ಅದೇ ಸಭೆಯಲ್ಲಿ ನಮ್ಮ ಧಣಿಗಳಿಗೆ ಸನ್ಮಾನ. ನಮ್ಮ ಕಡೆಯವರೆಲ್ಲ ವಿಕ್ರೋಳಿ, ಠಾಣೆಯಿಂದ ಕೂಡ ಮಕ್ಕಳು ಮರಿ ಕಟ್ಟಿಕೊಂಡು ಬರುವವರು. ಆ ಹೊತ್ತಿಗೆ ಸರಿಯಾಗಿ ಭಂಡಾರಿ ಜ್ವರ ಬಂದು ಮಲಗಿದ. ಅವನ ಕೈಕೆಳಗಿನ ಅಡುಗೆಯವನು ಹೊಸ ಮೂಟೆಯ ಅರ್ಧ ಕಲ್ಲುಹೂವನ್ನು ಆರಿಸದೆಯೇ ಹುರಿದು, ಲವಂಗ ಚಕ್ಕೆಗಳ ಜೊತೆ ಗಿರಣಿಗೆ ಕಳಿಸಿ, ಇಡೀ ಸಮಾರಂಭಕ್ಕೆ ಸಾಲುವಷ್ಟು ಪಲಾವ್ ಮಸಾಲೆ ಮಾಡಿಟ್ಟುಬಿಟ್ಟ.

ಜ್ವರ ಬಿಟ್ಟು ಬಂದ ಭಂಡಾರಿ ಚಹಾ ಕೂಡ ಕುಡಿಯದೆ ಉಳಿದರ್ಧ ಮೂಟೆ ಬಿಚ್ಚಿ ಪಂಚೆಯ ಮೇಲೆ ಸುರಿದ. ಸ್ವಲ್ಪ ಹೊತ್ತಿನಲ್ಲಿ ನನ್ನನ್ನು ಕರೆದ. ಅವನ ಅಂಗೈಯಲ್ಲಿ ಒಂದು ಕೊಳೆತ ಮರದ ಚೂರು ಇತ್ತು. ಅದರ ಮೇಲೆ ಬೂದುಹಸಿರಿನ ಪುಟ್ಟ ಪುಟ್ಟ ಬಟ್ಟಲುಗಳು ನಿಂತಿದ್ದವು, ಒಂದೊಂದೂ ಕೊತ್ತಂಬರಿ ಕಾಳಿನಷ್ಟು. ಬಟ್ಟಲಿನ ಅಂಚಿನ ಸುತ್ತ ಕಡುಕೆಂಪು ಮಣಿಗಳು. ಯಾರೋ ಕಡ್ಡಿಯಲ್ಲಿ ಕುಂಕುಮ ಅದ್ದಿ ಒಂದೊಂದಕ್ಕೂ ಬೊಟ್ಟಿಟ್ಟ ಹಾಗಿತ್ತು. ಇಂಥ ಚೂರುಗಳು ಇನ್ನೂ ಕೆಲವು ಆ ರಾಶಿಯಲ್ಲಿದ್ದವು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸುದ್ದಿ ಅಡುಗೆಮನೆ ದಾಟಲು ಎಷ್ಟು ಹೊತ್ತು ಬೇಕು? ಕುಂಕುಮ ಎಂದ ಮೇಲೆ ಮಾಟ ಎಂದಾಯಿತು. ಧಣಿಗಳ ಸನ್ಮಾನ ಕಂಡು ಹೊಟ್ಟೆ ಉರಿದವರು ಯಾರೋ ಮಾಡಿಸಿದ್ದು ಎಂದಾಯಿತು. ಪಾತ್ರೆ ತೊಳೆಯುವವರು ಆ ಮೂಟೆ ದಾಟಲಾರೆವು ಎಂದರು. ಯಾರೋ ಮಸಾಲೆ ಕೋಣೆಯ ಬಾಗಿಲಿಗೆ ಲಿಂಬೆಹುಳಿ, ಹಸಿಮೆಣಸು ಕಟ್ಟಿದರು. ಭಂಡಾರಿಗೆ ಮಾಟದ ಮೇಲೂ ನಂಬಿಕೆ ಇರಲಿಲ್ಲ. ಮಾಟ ಮಾಡುವವನಿಗೆ ಇಷ್ಟು ನಾಜೂಕಾಗಿ ಬೊಟ್ಟಿಡುವ ಪುರುಸೊತ್ತು ಎಲ್ಲಿದೆ ಎಂದ. ಅವನ ಸಂಶಯ ಬಣ್ಣದ ಮೇಲಿತ್ತು. ಒದ್ದೆ ಹೆಬ್ಬೆರಳಿನಿಂದ ಉಜ್ಜಿದ, ಬಣ್ಣ ಹತ್ತಲಿಲ್ಲ. ನೀರಿನಲ್ಲಿ ನೆನೆಸಿದ, ನೀರು ಕೆಂಪಾಗಲಿಲ್ಲ. ಲಿಂಬೆರಸ ಹಿಂಡಿದ, ಆಗಲೂ ಇಲ್ಲ. ಹಚ್ಚಿದ ಬಣ್ಣವಲ್ಲ, ಹುಟ್ಟಿದ ಬಣ್ಣ ಎಂದು ಗೊತ್ತಾದ ಮೇಲೆ ಅವನ ಮುಖ ಇನ್ನಷ್ಟು ಬಿಗಿಯಿತು.

ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಮಾತು ಸ್ವಲ್ಪ ಎಡವುತ್ತದೆ. ಅವಳನ್ನು ಕರೆಸಿದೆ. ಪರ್ಸಿನಿಂದ ಪುಟ್ಟ ಲೆನ್ಸ್ ತೆಗೆದು ನೋಡಿದವಳು, ಚಿನ್ನ ಸಿಕ್ಕಿದವಳ ಹಾಗೆ ಹಿಗ್ಗಿದಳು. "ಮಾಮಾ, ಇದು ಲೈಕನ್. ಫಂಗಸ್ ಮತ್ತೆ ಆಲ್ಗಿ, ಇಬ್ರೂ ಒಟ್ಟಿಗೆ ರೂಮ್ ಮಾಡಿ ಇರೋದು. ಈ ಲಾಲ್ ಲಾಲ್ ಉಂಟಲ್ಲ, ಅದು ಅದರ ಫ್ರೂಟ್." ಹಾಗೆಯೇ ಇನ್ನೊಂದು ಮಾತು ಹೇಳಿದಳು. ನೀವು ದಿನಾ ಪಲಾವಿಗೆ ಹಾಕುವ ಕಲ್ಲುಹೂವು ಕೂಡ ಇದೇ ಬಳಗ, ಅದು ಹೂವೇ ಅಲ್ಲ.

ಭಂಡಾರಿ ಪೆಚ್ಚಾದ. ಇಷ್ಟು ವರ್ಷ ಎಲ್ಲದರ ಮೇಲೂ ಸಂಶಯಪಟ್ಟೆ, ಇದೊಂದು ಹೂವು ಎಂಬುದನ್ನು ಮಾತ್ರ ಸುಮ್ಮನೆ ನಂಬಿದೆ ಎಂದು ನನ್ನ ಹತ್ತಿರ ಬಹಳ ಬೇಸರದಲ್ಲಿ ಹೇಳಿಕೊಂಡ. ಆಮೇಲೆ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ಅದು ಎಲ್ಲಿ ಬೆಳೆಯುತ್ತದೆ ಎಂದು. ಅವಳು ತನ್ನ ಬೆರಕೆ ಭಾಷೆಯಲ್ಲಿ ವಿವರಿಸಿದಳು. ಎತ್ತರದ ಬೆಟ್ಟಗಳಲ್ಲಿ, ಥಂಡಿ ಜಾಗದಲ್ಲಿ, ಕೊಳೆತ ಮರದ ಬುಡದ ಮೇಲೆ, ಹುಳಿಮಣ್ಣಿನ ಮೇಲೆ. ಗಾಳಿ ಶುದ್ಧ ಇರಬೇಕು, ಮುಂಬಯಿಯ ಹವಾದಲ್ಲಿ ಇದು ಬದುಕುವುದೇ ಇಲ್ಲ. ಕಲ್ಲುಹೂವನ್ನು ನಿಂತ ಮರಗಳಿಂದ, ಬಂಡೆಗಳಿಂದ ಕಿತ್ತು ತರುತ್ತಾರೆ. ಈ ಮೂಟೆ ತುಂಬಿದವರು ಅವಸರದಲ್ಲಿ ನೆಲದ ಮೇಲಿನ ಕೊಳೆತದ್ದನ್ನೂ ಬಾಚಿದ್ದಾರೆ, ಅಷ್ಟೆ.

"ವಿಷವಾ?" ಎಂದು ನಾನು ಕೇಳಿದೆ.

"ಪಾಯ್ಸನ್ ಅಂತ ನಾನು ಎಲ್ಲಿಯೂ ಓದಿಲ್ಲ ಮಾಮಾ. ಆದ್ರೆ ಇದನ್ನು ತಿಂದವರ ಬಗ್ಗೆ ಕೂಡ ಓದಿಲ್ಲ."

ಆ ಒಂದು ಮಾತು ನಮ್ಮ ಹೊಟೇಲನ್ನು ಎರಡು ಭಾಗ ಮಾಡಿತು. ಧಣಿಗಳು ಮೊದಲ ಅರ್ಧ ಹಿಡಿದುಕೊಂಡರು, ಭಂಡಾರಿ ಎರಡನೆಯ ಅರ್ಧ. ಕಣ್ಣಿಗೆ ಕಂಡದ್ದನ್ನು ಆರಿಸಿ ತೆಗೆದೆಯಲ್ಲ, ಮತ್ತೇನು ಎಂದು ಧಣಿಗಳು. ಕಂಡದ್ದು ತೆಗೆದೆ, ಪುಡಿಯಾಗಿ ಮಸಾಲೆಗೆ ಸೇರಿದ್ದನ್ನು ಹೇಗೆ ತೆಗೆಯುವುದು ಎಂದು ಇವನು. ಮಸಾಲೆಯಷ್ಟನ್ನೂ ಚೆಲ್ಲಿ ಹೊಸದಾಗಿ ಮಾಡುವ ಎಂದ. ಸಮಾರಂಭ ತಲೆಯ ಮೇಲಿತ್ತು. ಮೂಟೆ ಕೊಟ್ಟ ಅಂಗಡಿಯವನು ಧಣಿಗಳ ತಂದೆಯ ಕಾಲದಿಂದ ಸಾಮಾನು ಕೊಡುವವನು, ಅವನಿಗೆ ಈ ಸುದ್ದಿ ಹೋಗಿ ಸಿಟ್ಟಿನಲ್ಲಿ ಫೋನ್ ಮಾಡಿದ್ದ. ನಿಮ್ಮ ಭಂಡಾರಿಗೆ ಬೇರೆ ಅಂಗಡಿಯವರು ಏನೋ ತಿನ್ನಿಸಿದ್ದಾರೆ ಎಂದು ಕಡ್ಡಿ ಗೀರಿಯೇ ಫೋನ್ ಇಟ್ಟ.

ಅದಕ್ಕೆ ತುಪ್ಪ ಸುರಿದದ್ದು ನಮ್ಮ ವೇಟರ್ ಒಬ್ಬ. ಮಧ್ಯಾಹ್ನ ಹೊಟೇಲು ಖಾಲಿ ಇರುವ ಹೊತ್ತಿಗೆ ಭಂಡಾರಿ ಬೊರಿವಲಿಯಲ್ಲಿ ಇಳಿದದ್ದನ್ನು ತಾನು ನೋಡಿದೆ ಎಂದ. ಬೊರಿವಲಿಯಲ್ಲಿ ಆಗ ಹೊಸ ಹೊಟೇಲೊಂದು ತೆರೆಯುವುದರಲ್ಲಿತ್ತು, ಅವರು ಒಬ್ಬ ಭಂಡಾರಿಯನ್ನು ಹುಡುಕುತ್ತಿದ್ದಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಲೆಕ್ಕ ಸರಿಹೋಯಿತು. ಸಮಾರಂಭದ ಊಟ ಕೆಡಿಸಿ, ಧಣಿಗಳ ಮುಖಕ್ಕೆ ಮಸಿ ಬಳಿದು, ಅಲ್ಲಿ ಹೋಗಿ ಸೇರುವ ಹುನ್ನಾರ. ಇನ್ನೊಬ್ಬರ ಮೇಲೆ ಜೀವನವಿಡೀ ಸಂಶಯಪಟ್ಟವನ ಮೇಲೆ ಸಂಶಯ ಬಂದಾಗ ಎಲ್ಲರಿಗೂ ಏನೋ ಒಂದು ಖುಷಿ. ನನಗೂ ಆ ಲೆಕ್ಕ ಸರಿ ಎಂದೇ ಕಂಡಿತು.

ಧಣಿಗಳು ಅವನನ್ನು ಗಲ್ಲೆಯ ಹಿಂದಿನ ಕೋಣೆಗೆ ಕರೆಸಿದರು. ನಾನು ಅಲ್ಲೇ ಇದ್ದೆ.

"ಬೊರಿವಲಿಗೆ ಯಾಕೆ ಹೋಗಿದ್ದಿ ಭಂಡಾರಿ?"

"ಕಾಡು ನೋಡ್ಲಿಕ್ಕೆ ಧಣಿಗಳೇ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಮುಂಬಯಿಯಲ್ಲಿದ್ದು ಸಮುದ್ರದ ದಂಡೆಗೂ ಸರಿಯಾಗಿ ಹೋಗದವನು, ಜ್ವರದಿಂದ ಎದ್ದು ಬೊರಿವಲಿಯ ನ್ಯಾಷನಲ್ ಪಾರ್ಕಿನ ಕಾಡು ನೋಡಲು ಹೋದನಂತೆ. ಅವನು ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಂದು ಒಣ ಕಡ್ಡಿ, ಅದರ ಮೇಲೆ ಬೂದಿ ಬಳಿದಂಥ ಚಪ್ಪಟೆ ಕಲೆ. ಇದು ಅಲ್ಲಿ ಬಿದ್ದಿತ್ತು, ಇಂಥದ್ದು ಮರಮರಕ್ಕೂ ಇದೆ, ಆದರೆ ಆ ಕೆಂಪಿನದು ಎಷ್ಟು ಹುಡುಕಿದರೂ ಕಾಣಲಿಲ್ಲ ಎಂದು ವರದಿ ಒಪ್ಪಿಸಿದ. ಕಂಡಿದ್ದರೆ, ಅಲ್ಲಿ ಸೌದೆ ಹೊರುವ ಹೆಂಗಸರನ್ನು ಕೇಳಬಹುದಿತ್ತಂತೆ, ದನವೋ ಆಡೋ ಅದನ್ನು ತಿಂದದ್ದುಂಟಾ, ತಿಂದು ಏನಾಯಿತು ಎಂದು. ಹುಟ್ಟಿದ ಜಾಗದವರಿಗೆ ಮಾತ್ರ ಗೊತ್ತಿರುವ ವಿಷಯ ಅದು ಎಂದ. ನಾನು ಮಧ್ಯೆ ಬಾಯಿ ಹಾಕಿ, ಲವಂಗ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಬೆಳೆಯುತ್ತದೆಯಾ ಮಾರಾಯ ಎಂದು ಕುಟುಕಿದೆ. ಲವಂಗವನ್ನು ನಮ್ಮ ಅಜ್ಜ ತಿಂದಿದ್ದಾರೆ, ಇದನ್ನು ಯಾರ ಅಜ್ಜ ತಿಂದಿದ್ದಾರೆ ಎಂದ.

ಧಣಿಗಳು ಕಡ್ಡಿಯನ್ನು ಬೆರಳ ತುದಿಯಿಂದ ಕಸದ ಬುಟ್ಟಿಗೆ ತಳ್ಳಿದರು. "ಮಾಡುವುದಾದ್ರೆ ಇದೇ ಮಸಾಲೆಯಲ್ಲಿ ಮಾಡು. ಇಲ್ಲದಿದ್ರೆ ಬಾಗಿಲು ತೆರೆದೇ ಉಂಟು."

ಅವನು ವಾದ ಮಾಡಲಿಲ್ಲ. ಒಳಗೆ ಹೋಗಿ ಮೈ ಒರೆಸುವ ಬೈರಾಸು, ಚಪ್ಪಲಿ, ತನ್ನ ಸ್ವಂತದ ಸಟ್ಟುಗ ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಟುಹೋದ. ಬೊರಿವಲಿಗೆ ಹೋದ ಎಂದೇ ನಾವೆಲ್ಲ ಮಾತಾಡಿಕೊಂಡೆವು. ಅಲ್ಲಿಗೆ ಭಂಡಾರಿಯಾಗಿ ಬಂದದ್ದು ಕುಂದಾಪುರ ಕಡೆಯ ಯಾರೋ. ಇವನು ಆ ಹೊಟೇಲಿನ ಮೆಟ್ಟಲು ಕೂಡ ಹತ್ತಿರಲಿಲ್ಲ ಎಂಬುದು, ಅವನು ಗಂಟುಮೂಟೆ ಕಟ್ಟಿ ಊರು ಸೇರಿದ ಎಷ್ಟೋ ತಿಂಗಳ ಮೇಲೆ ನನಗೆ ತಿಳಿಯಿತು.

ಸಮಾರಂಭದ ದಿನ ಹಾಲ್ ಬೆಳಿಗ್ಗೆಯೇ ತುಂಬಿತ್ತು. ಕೈಕೆಳಗಿನವನೇ ಪಲಾವ್ ಮಾಡಿದ್ದ, ಅದೇ ಮಸಾಲೆ. ಘಮಕ್ಕೇನೂ ಕೊರತೆ ಇರಲಿಲ್ಲ. ಧಣಿಗಳು ಹೊಸ ಪಂಚೆ ಉಟ್ಟು ಸ್ಟೇಜಿಗೆ ಹೋಗುವ ಮುಂಚೆ ನನ್ನನ್ನು ಬದಿಗೆ ಕರೆದು, ಭಂಡಾರಿ ಬಂದರೂ ಬರಬಹುದು, ಪಾತ್ರೆಯ ಹತ್ತಿರ ಬಿಡಬೇಡ ಎಂದರು. ನಾನು ಹಿಂದಿನ ಅಡುಗೆ ಶೆಡ್ಡಿನಲ್ಲಿ ಪಾತ್ರೆಗಳ ಮುಂದೆ ಕುರ್ಚಿ ಹಾಕಿ ಕೂತೆ. ಪ್ರಾರ್ಥನೆ ಮುಗಿದು ಸ್ವಾಗತ ಭಾಷಣ ಶುರುವಾಗುವ ಹೊತ್ತಿಗೆ ಅವನು ಬಂದೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಗಂಧ. ಜ್ವರದಿಂದ ಬಾಡಿದ ಮುಖ ಇನ್ನೂ ಸುಧಾರಿಸಿರಲಿಲ್ಲ.

"ಒಂದು ತಟ್ಟೆ ಪಲಾವ್ ಕೊಡು," ಎಂದ.

ಊಟ ಇರುವುದು ಭಾಷಣಗಳೆಲ್ಲ ಮುಗಿದ ಮೇಲೆ, ಆಗ ಎಲ್ಲರೊಟ್ಟಿಗೆ ಬಾ ಎಂದೆ.

"ಎಲ್ಲರೊಟ್ಟಿಗೆ ತಿನ್ಲಿಕ್ಕೆ ಬಂದದ್ದಲ್ಲ ಮಾರಾಯ. ಮೊದಲು ತಿನ್ಲಿಕ್ಕೆ ಬಂದದ್ದು."

ನನ್ನ ತಲೆ ಓಡಿದ್ದೇ ಬೇರೆ ದಿಕ್ಕಿಗೆ. ಇವನು ತಿನ್ನುತ್ತಾನೆ, ತಿಂದು ಹೊಟ್ಟೆ ಹಿಡಿದುಕೊಂಡು ಸಭೆಯ ನಡುವೆ ಬಿದ್ದು ಹೊರಳುತ್ತಾನೆ, ಅಲ್ಲಿಗೆ ಧಣಿಗಳ ಸನ್ಮಾನ, ಹೊಟೇಲಿನ ಹೆಸರು, ನಮ್ಮೆಲ್ಲರ ಅನ್ನ, ಎಲ್ಲ ಮಣ್ಣು. ನಾಟಕ ಮಾಡಲು ಬಂದದ್ದಾದರೆ ಈಗಲೇ ನಡೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ನಾಟಕಕ್ಕೆ ಸ್ಟೇಜು ಆ ಕಡೆ ಇದೆಯಲ್ಲ, ಇಲ್ಲಿ ಯಾರಿದ್ದಾರೆ ನೋಡಲಿಕ್ಕೆ ಎಂದ. ಕೊಡದಿದ್ದರೆ ರಂಪ ಮಾಡಿಯಾನು ಎಂಬ ಭಯಕ್ಕೆ ಕೊನೆಗೆ ಒಂದು ತಟ್ಟೆಗೆ ಬಡಿಸಿದೆ. ಮೇಲಿನದು ಬೇಡ, ಮಸಾಲೆ ಇಳಿದಿರುವುದು ತಳದಲ್ಲಿ, ತಳದ್ದು ಹಾಕು ಎಂದು ಮತ್ತೆ ಹಾಕಿಸಿಕೊಂಡ.

ನಲ್ಲಿಯ ಬದಿ ಸೋಡಾ ಕ್ರೇಟನ್ನು ಬೋರಲು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಒಂದು ಅಗುಳೂ ಬಿಡದೆ ತಿಂದ. ಆಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಮೈಕಿನಲ್ಲಿ ಅಧ್ಯಕ್ಷರು ಮಾತಾಡಿದರು, ಮುಖ್ಯ ಅತಿಥಿಗಳು ಮಾತಾಡಿದರು, ಎರಡೇ ಮಾತು ಎಂದವರು ಬಹಳ ಹೊತ್ತು ಮಾತಾಡಿದರು. ಧಣಿಗಳಿಗೆ ಶಾಲು ಹೊದಿಸಿ ಫಲತಾಂಬೂಲ ಕೊಟ್ಟಾಗಿನ ಚಪ್ಪಾಳೆ ಕೇಳಿಸಿತು. ಒಮ್ಮೆ ಅವನು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟ. ಈಗ ಶುರು ಮಾಡುತ್ತಾನೆ ಎಂದು ನಾನು ಎದ್ದು ನಿಂತೆ. ಅವನು ತೇಗಿ, ಕಣ್ಣು ತೆರೆದು, ಮತ್ತೆ ಹಾಗೆಯೇ ಕೂತ. ಮೈಯೆಲ್ಲ ಬೆವತಿತ್ತು. ಜ್ವರದ ನಿಶ್ಶಕ್ತಿಯೋ, ಶೆಡ್ಡಿನ ಸೆಕೆಯೋ, ಬೇರೆಯೇನೋ, ಆಗ ನನಗೆ ಗೊತ್ತಾಗಲಿಲ್ಲ.

ವಂದನಾರ್ಪಣೆ ಶುರುವಾಯಿತು. ಮಕ್ಕಳು ಆಗಲೇ ಊಟದ ಸಾಲಿಗೆ ಓಡಿಬರುತ್ತಿದ್ದವು. ಅವನು ಎದ್ದು, ತಟ್ಟೆಯನ್ನು ತಾನೇ ತೊಳೆದು, ನೀರು ಕುಡಿದು, ನಾಲ್ಕು ಹೆಜ್ಜೆ ಆಚೀಚೆ ನಡೆದು ನೋಡಿದ. ಕಣ್ಣನ್ನು ಅಗಲಿಸಿ ನನ್ನ ಹತ್ತಿರ ತಂದು, ಕೆಂಪಾಗಿದೆಯಾ ಎಂದು ಕೇಳಿದ. ಇಲ್ಲ ಎಂದೆ. ಸರಿಯಾಗಿ ನೋಡು ಎಂದ. ಸರಿಯಾಗಿ ನೋಡಿ ಮತ್ತೆ ಇಲ್ಲ ಎಂದೆ.

"ಹಾಗಾದ್ರೆ ಇನ್ನು ಬಡಿಸಿ."

ನನಗೆ ಅಷ್ಟು ಹೊತ್ತಿಗೆ, ಆಗಷ್ಟೇ, ಅವನು ಬಂದದ್ದು ಯಾಕೆ ಎಂಬುದು ಅರ್ಥವಾಯಿತು. "ನಿನಗೇ ಏನಾದ್ರೂ ಆಗಿದ್ರೆ?" ಎಂದೆ.

"ಆಗಿದ್ರೆ ನೀನು ಬಡಿಸ್ತಿರಲಿಲ್ಲ," ಎಂದು ಹಿಂದಿನ ಗೇಟಿನಿಂದ ಹೊರಟುಹೋದ.

ಧಣಿಗಳು ಶಾಲು ಹೊದ್ದುಕೊಂಡೇ ಶೆಡ್ಡಿಗೆ ಬಂದರು. ಅವನು ಬಂದಿದ್ದನಂತೆ, ಯಾಕೆ ಎಂದು ಕೇಳಿದರು. ಊಟಕ್ಕೆ ಎಂದೆ. ಮಾನ ಮರ್ಯಾದೆ ಇಲ್ಲದವನು ಎಂದು ಅವರು ತಲೆ ಅಲ್ಲಾಡಿಸಿದರು. ಸಾಲಿನಲ್ಲಿ ಮೊದಲು ನಿಂತದ್ದು ಅವರ ಮೊಮ್ಮಗಳು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ್ದಳು. ತಳದಿಂದ ಒಂದು ಸಟ್ಟುಗ ತುಂಬ ತೆಗೆದು ಬಡಿಸಿದೆ. ಕೈ ಹಿಂಜರಿಯಲಿಲ್ಲ.